ಮೂರು ಬೆಳಗಿನ ಕಷಾಯ

ಬಣ್ಣದ ಅಂಗಡಿಗೆ ಬಂದವರು ಡಬ್ಬಿಯ ಮುಚ್ಚಳ ತೆಗೆದ ಕೂಡಲೇ ಮೂಗು ಮುರಿಯುವುದು ವಾಡಿಕೆ. "ಇದಲ್ಲ ನಾನು ಹೇಳಿದ್ದು, ನಂದು ಇನ್ನೂ ಗಾಢ" ಎಂದು ಜಗಳಕ್ಕೇ ನಿಲ್ಲುತ್ತಾರೆ. ಕೌಂಟರಿನ ಹಿಂದೆ ನಿಂತವನು ಆಗ ಕಲಸುವ ಕಡ್ಡಿಯ ತುದಿಯನ್ನು ಒಂದು ರಟ್ಟಿನ ಚೂರಿಗೆ ಒರೆಸಿ, ಅದನ್ನು ಫ್ಯಾನಿನ ಗಾಳಿಗೆ ಹಿಡಿದು, "ಒಣಗ್ಲಿ ಸ್ವಾಮಿ. ಒಣಗಿದ ಮೇಲೆ ಬೇಕಾದ್ರೆ ಜಗಳ ಆಡೋಣ" ಎನ್ನುತ್ತಾನೆ. ಬಣ್ಣ ಒಣಗುವಷ್ಟರಲ್ಲಿ ಸಾಮಾನ್ಯವಾಗಿ ಜಗಳವೂ ಒಣಗಿರುತ್ತದೆ. ಹತ್ತೊಂಬತ್ತು ವರ್ಷ ಒಂದೇ ಕೌಂಟರಿನ ಹಿಂದೆ ಹೀಗೆ ನಿಂತು ನಿಂತು ಅವನಿಗೆ ಬಣ್ಣದಣ್ಣ ಎಂಬ ಹೆಸರೇ ಖಾಯಂ ಆಗಿಹೋಗಿದೆ. ಅಪ್ಪ ಅಮ್ಮ ಇಟ್ಟ ಹೆಸರು ಹಿಡಿದು ಯಾರಾದರೂ ಕರೆದರೆ ಅವನೇ ಹಿಂದೆ ತಿರುಗಿ ಇನ್ಯಾರನ್ನೋ ಹುಡುಕಿಯಾನು.

ಅಂಗಡಿಗೆ ಈಗ ಯಂತ್ರ ಬಂದಿದೆ. ನಂಬರು ಒತ್ತಿದರೆ ಬಿಳಿ ಬಣ್ಣದ ಡಬ್ಬಿಗೆ ಎಷ್ಟು ಹನಿ ಕೆಂಪು, ಎಷ್ಟು ಹನಿ ಹಳದಿ ಬೇಕೋ ಅಷ್ಟೇ ಬೀಳುತ್ತದೆ. ಆದರೆ ಒಬ್ಬ ಅಜ್ಜಿ ಬಂದು ಕರವಸ್ತ್ರದ ಗಂಟು ಬಿಚ್ಚಿ, ಗೋಡೆಯಿಂದ ಕಿತ್ತ ಉಗುರಿನಷ್ಟು ಗಾರೆಯನ್ನು ಮುಂದಿಟ್ಟು, "ನಮ್ಮನೆಯವರು ಇದ್ದಾಗ ರೂಮು ಈ ಬಣ್ಣ ಇತ್ತಪ್ಪ" ಎಂದರೆ ಯಂತ್ರದಲ್ಲಿ ಯಾವ ನಂಬರು ಒತ್ತುವುದು? ಅದಕ್ಕೆ ಬಣ್ಣದಣ್ಣನೇ ಆಗಬೇಕು. ಚೂರನ್ನು ಬಾಗಿಲ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ಹನಿ ಹನಿಯಾಗಿ ಸೇರಿಸುತ್ತಾ ಹೋಗುತ್ತಾನೆ. ಅವನು ಹೆದರುವುದು ಕಪ್ಪಿನ ಬಾಟಲಿಗೆ ಮಾತ್ರ. ಬೇರೆ ಯಾವುದು ಹೆಚ್ಚಾದರೂ ಇನ್ನೊಂದನ್ನು ಸೇರಿಸಿ ಸರಿದೂಗಿಸಬಹುದು. ಕಪ್ಪು ಒಂದು ಹನಿ ಹೆಚ್ಚಾದರೆ ಇಡೀ ಡಬ್ಬಿ ಮಂಕಾಗುತ್ತದೆ, ಅದನ್ನು ಹಿಂದಕ್ಕೆ ತೆಗೆಯಲು ಬ್ರಹ್ಮನಿಂದಲೂ ಆಗುವುದಿಲ್ಲ.

ಕಲಸುವಾಗ ಅವನು ಅಲ್ಲಿರುವುದಿಲ್ಲ. ಬಿಳಿಯ ಮೇಲೆ ಬಿದ್ದ ನೀಲಿ ಎಳೆ ಎಳೆಯಾಗಿ ಸುತ್ತುವುದನ್ನು ನೋಡುತ್ತಾ ನೋಡುತ್ತಾ ಕಣ್ಣು ಎಲ್ಲೋ ನೆಟ್ಟುಬಿಡುತ್ತದೆ. "ಕೈ ಮಾತ್ರ ನಮ್ಮ ಅಂಗಡೀಲಿ ಬಿಟ್ಟು ಆಸಾಮಿ ಊರು ಸುತ್ತಕ್ಕೆ ಹೋಗ್ಬಿಡ್ತಾನೆ" ಎಂದು ಅಂಗಡಿ ಯಜಮಾನರು ಗಿರಾಕಿಗಳ ಮುಂದೆ ಆಡಿಕೊಳ್ಳುತ್ತಾರೆ. ಅವನು ಸುತ್ತುವ ಊರು ಯಾವುದೆಂದು ಯಜಮಾನರಿಗೆ ಗೊತ್ತಿಲ್ಲ. ಅದು ದೂರವೇನಲ್ಲ. ಅಮ್ಮನ ಮನೆಯ ಹಿತ್ತಲು. ಅಲ್ಲಿ ಎಲ್ಲರೂ ನೆರೆದಿರುತ್ತಾರೆ, ಅವನು ನಡುವೆ ನಿಂತು ಒಂದು ಮಾತು ಹೇಳುತ್ತಾನೆ. ಮೂರೇ ಪದದ ಮಾತು: ಕೊರತೆ ಅವಳದಲ್ಲ, ನನ್ನದು. ಒಂದೊಂದು ದಿನ ಅದನ್ನು ಮೆಲ್ಲಗೆ ಹೇಳುತ್ತಾನೆ, ಒಂದೊಂದು ದಿನ ಎದೆ ತಟ್ಟಿಕೊಂಡು. ಕೆಲವೊಮ್ಮೆ ಅಮ್ಮ ಅಳುತ್ತಾಳೆ, ಕೆಲವೊಮ್ಮೆ ತಲೆ ಸವರುತ್ತಾಳೆ. ಕಲಸುವ ಕಡ್ಡಿ ಡಬ್ಬಿಯ ಅಂಚಿಗೆ ತಾಗಿ ಟಣ್ ಎಂದಾಗ ಹಿತ್ತಲು ಮಾಯವಾಗಿ, ಎದುರಿಗೆ ಗಿರಾಕಿ ನಿಂತಿರುತ್ತಾನೆ.

ಈ ಕನಸು ಶುರುವಾಗಿ ಒಂಬತ್ತು ವರ್ಷ. ಮದುವೆಯಾಗಿ ಎರಡು ವರ್ಷಕ್ಕೆ ಗಂಡ ಹೆಂಡತಿ ಇಬ್ಬರೂ ದೊಡ್ಡ ಆಸ್ಪತ್ರೆಗೆ ಹೋಗಿ ಪರೀಕ್ಷೆ ಮಾಡಿಸಿಕೊಂಡಿದ್ದರು. ಡಾಕ್ಟರಮ್ಮ ಕಾಗದವನ್ನು ಅವನ ಕಡೆಗೆ ತಿರುಗಿಸಿ ನಿಧಾನವಾಗಿ ವಿವರಿಸಿದ್ದರು. ಹೆಂಡತಿಯಲ್ಲಿ ಯಾವ ದೋಷವೂ ಇಲ್ಲ. ಅವನ ಬೀಜದಲ್ಲಿ ಜೀವವಿಲ್ಲ, ಮುಂದೆಯೂ ಬರುವ ಹಾಗಿಲ್ಲ. ಬೇರೆ ದಾರಿಗಳಿವೆ ಎಂದೂ ಹೇಳಿದರು, ಆದರೆ ಅವನ ಕಿವಿ ಆಗಲೇ ಮುಚ್ಚಿಕೊಂಡಿತ್ತು. ವಾಪಸು ಬರುವಾಗ ಬಸ್ಸಿನಲ್ಲಿ ಅವನು ಕಿಟಕಿಯ ಕಡೆಗೇ ನೋಡುತ್ತಿದ್ದ. ಅಂಗಡಿಗಳ ಬೋರ್ಡುಗಳು, ಸೈಕಲ್ಲುಗಳು, ಟಾರ್ಪಾಲು ಹೊದಿಸಿದ ಲಾರಿಗಳು ಎಲ್ಲವೂ ನೀರಿನೊಳಗೆ ಮುಳುಗಿ ಹಿಂದೆ ಹಿಂದೆ ತೇಲುತ್ತಿದ್ದವು. ಆಗ ಪಕ್ಕದಿಂದ ಹೆಂಡತಿ, "ಯಾರು ಕೇಳಿದ್ರೂ ನಂದೇ ತೊಂದರೆ ಅನ್ನೋಣ ರೀ. ನಿಮ್ಮಮ್ಮ ತಡ್ಕೊಳ್ಳಲ್ಲ. ನನ್ನ ಮೇಲೇ ಇರ್ಲಿ ಬಿಡಿ" ಎಂದಳು. ಅವನು ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. ಇಳಿಯುವ ಸ್ಟಾಪು ಬಂತು.

ಮೌನ ಬಂಗಾರ ಎಂದವನು ಯಾರೋ ನನಗೆ ಗೊತ್ತಿಲ್ಲ. ಆ ದಿನದ ಮೌನವನ್ನು ಒರೆಗೆ ಹಚ್ಚಿದ್ದರೆ ಅದು ಹಿತ್ತಾಳೆಯೂ ಆಗಿರಲಿಲ್ಲ.

ಅವನ ಮನೆಯವರು ಇರುವ ಮೂಲೆ ಮೂಲೆಯಿಂದಲೂ ಬಂದು ವರ್ಷಕ್ಕೊಮ್ಮೆ ಅಮ್ಮನ ಮನೆಯಲ್ಲಿ ಸೇರುತ್ತಾರೆ. ಶಾಲೆ, ಆಫೀಸು, ಅಂಗಡಿ ಎಲ್ಲಕ್ಕೂ ಒಟ್ಟಿಗೆ ಬೀಗ ಬೀಳುವ ಆ ನಾಲ್ಕು ದಿನಕ್ಕೆ ಮನೆಯಲ್ಲಿ ದೊಡ್ಡ ರಜೆ ಎಂದು ಹೆಸರು. ಉಳಿದವರಿಗೆ ಅದು ವರ್ಷವೆಲ್ಲ ಕಾಯುವ ದಿನ. ಇವರಿಬ್ಬರಿಗೆ ಕ್ಯಾಲೆಂಡರಿನ ಆ ಹಾಳೆ ಹತ್ತಿರ ಬಂದಂತೆಲ್ಲ ರಾತ್ರಿಯ ಊಟ ಒಂದು ತುತ್ತು ಕಡಿಮೆಯಾಗುತ್ತದೆ. ಹೋಗದಿದ್ದರೆ ಯಾಕೆ ಬರಲಿಲ್ಲ ಎಂಬ ಮಾತು, ಹೋದರೆ ಇನ್ನೂ ಯಾಕೆ ಆಗಲಿಲ್ಲ ಎಂಬ ಮಾತು. ಬಾಯಿಗೆ ಹಾಕಿಕೊಂಡ ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ.

ಅದಕ್ಕೆ ಅವರು ಒಂದು ಆಟ ಕಟ್ಟಿಕೊಂಡಿದ್ದರು. "ವಿಶೇಷ ಏನಾದ್ರೂ ಉಂಟಾ?" ಎಂದು ಈ ಸಲ ಯಾರು ಮೊದಲು ಕೇಳುತ್ತಾರೆ ಎಂದು ಬಸ್ಸಿನಲ್ಲೇ ಪಂಥ. ಸೋತವರು ಒಂದು ವಾರ ಬೆಳಗಿನ ಚಹಾ ಮಾಡಬೇಕು.

"ಈ ಸಲ ಅಕ್ಕ" ಎಂದ ಬಣ್ಣದಣ್ಣ.

"ಅಕ್ಕ ಹೋದ ವರ್ಷ ಕೇಳಿ ಬಾಯಿ ಸುಟ್ಕೊಂಡಿದಾರೆ. ಈ ಸಲ ಎದುರು ಮನೆ ಅಜ್ಜಿ. ಬ್ಯಾಗ್ ಇಳಿಸೋಕೂ ಬಿಡಲ್ಲ ನೋಡಿ" ಎಂದಳು ಹೆಂಡತಿ. ಅವಳು ಗ್ರಂಥಾಲಯದಲ್ಲಿ ಹರಿದ ಪುಸ್ತಕಗಳಿಗೆ ಬೆನ್ನು ಹಚ್ಚುವ ಕೆಲಸದವಳು. ಯಾವ ಪುಸ್ತಕ ಎಲ್ಲಿ ಬಿಟ್ಟುಕೊಳ್ಳುತ್ತದೆ ಎಂದು ಹೇಳಿದಷ್ಟೇ ನಿಖರವಾಗಿ ಯಾವ ಮನುಷ್ಯ ಎಲ್ಲಿ ಬಾಯಿ ಬಿಡುತ್ತಾನೆ ಎಂದೂ ಹೇಳಬಲ್ಲಳು. ಪಂಥ ಅವಳೇ ಗೆದ್ದಳು. ಎದುರು ಮನೆ ಅಜ್ಜಿ ಗೇಟಿನ ಹತ್ತಿರವೇ ನಿಂತಿದ್ದಳು.

ಅಮ್ಮನ ಮನೆ ಎಂದರೆ ಉದ್ದನೆಯ ಒಂದು ಹಜಾರ, ಅದರ ಎರಡೂ ಬದಿಗೆ ಎರಡೆರಡು ಕೋಣೆ, ಕೊನೆಗೆ ಅಡುಗೆಮನೆ, ಅದರಾಚೆ ಸಿಮೆಂಟು ಹಾಕಿದ ಹಿತ್ತಲು. ದೊಡ್ಡ ರಜೆಯಲ್ಲಿ ಹಜಾರದ ತುಂಬ ಹಾಸಿಗೆ. ಅಕ್ಕನಿಗೆ ನಾಲ್ಕು ಮಕ್ಕಳು, ತಮ್ಮನಿಗೆ ಎರಡು. ಆರೂ ಒಂದೇ ಕಡೆ ಉರುಳಿಕೊಂಡರೆ ಯಾರ ಕಾಲು ಯಾರ ಕೈ ಎಂದು ಹೆತ್ತವರಿಗೂ ಹೊಳೆಯುವುದಿಲ್ಲ. ಬಣ್ಣದಣ್ಣನ ಹೆಂಡತಿಗೆ ಮಾತ್ರ ಹೊಳೆಯುತ್ತದೆ. ಯಾರಿಗೆ ಯಾವ ಹಲ್ಲು ಬಿದ್ದಿದೆ, ಯಾರು ತಲೆ ಬಾಚಿಸಿಕೊಳ್ಳುವಾಗ ಅಳುತ್ತಾರೆ, ಯಾರಿಗೆ ಕತ್ತಲೆಗೆ ಹೆದರಿಕೆ ಎಲ್ಲವೂ ಅವಳಿಗೆ ಬಾಯಿಪಾಠ. ಅವಳು ಕಾಲಿಟ್ಟ ಕೂಡಲೇ ಮಕ್ಕಳು ಮುತ್ತಿಕೊಳ್ಳುತ್ತವೆ. ದಿನಕ್ಕೊಂದು ಸಲ ಮಾತ್ರ, "ನೀರು ತುಂಬ್ಕೊಂಡು ಬರ್ತೀನಿ" ಎಂದು ಬಕೆಟ್ ಹಿಡಿದು ಹಿತ್ತಲ ತೊಟ್ಟಿಯ ಹಿಂದೆ ಹೋಗುತ್ತಾಳೆ. ನಲ್ಲಿಯ ಸದ್ದಿನಲ್ಲಿ ಅಳು ಕೇಳಿಸುವುದಿಲ್ಲ. ಬಕೆಟ್ ತುಂಬುವಷ್ಟು ಹೊತ್ತು, ಅಷ್ಟೇ. ಇದು ಬಣ್ಣದಣ್ಣನಿಗೆ ಗೊತ್ತಿತ್ತು. ತನಗೆ ಗೊತ್ತಿದೆ ಎಂದು ಅವನು ಅವಳಿಗೆ ಹೇಳಿರಲಿಲ್ಲ.

ಇನ್ನು ಸೊಸೆಗೆ ಮಕ್ಕಳಾಗಲೆಂದು ಕುಡಿಸುವ ಕಷಾಯ. ಅದನ್ನು ಕೊಡುವ ಅಮ್ಮ ಕೆಟ್ಟವಳಲ್ಲ, ಅದನ್ನು ಮೊದಲೇ ಹೇಳಿಬಿಡಬೇಕು. ಕೆಟ್ಟವಳಾಗಿದ್ದರೆ ಎಷ್ಟೋ ಸುಲಭವಿತ್ತು. ಬೇರು ನಾರು ಮಾರುವವನೊಬ್ಬನ ಹತ್ತಿರ ಒಂಬತ್ತು ವರ್ಷದ ಹಿಂದೆ ಕೇಳಿ ತಿಳಿದುಕೊಂಡದ್ದು. ಅದನ್ನು ಪುಡಿ ಮಾಡಿ, ಶೋಧಿಸಿ, ಡಬ್ಬಿಯಲ್ಲಿಟ್ಟು, ಪ್ರತಿ ದೊಡ್ಡ ರಜೆಗೂ ಸೊಸೆ ಬಂದ ಮಾರನೆಯ ದಿನದಿಂದ ಮೂರು ಬೆಳಗ್ಗೆ, ಎಲ್ಲರಿಗಿಂತ ಮುಂಚೆ ಎದ್ದು, ಮೂರು ಲೋಟ ನೀರು ಒಂದು ಲೋಟಕ್ಕೆ ಇಳಿಯುವವರೆಗೆ ಕುದಿಸುತ್ತಾಳೆ. ಮಂಡಿ ನೋವಿನ ಹೆಂಗಸು, ಒಲೆಯ ಮುಂದೆ ಒಂದು ಗಂಟೆ ನಿಂತೇ ಇರುತ್ತಾಳೆ. "ಬಾರಮ್ಮ, ಬಿಸಿ ಇರುವಾಗ್ಲೇ ಕುಡಿದ್ಬಿಡು" ಎಂದು ಕರೆದು, ಕೊನೆಯ ಗುಟುಕು ಇಳಿಯುವವರೆಗೆ ಎದುರಿಗೇ ನಿಂತು, ಆಮೇಲೆ ಬಾಯಿಗೆ ಒಂದು ಕಲ್ಲುಸಕ್ಕರೆ ಹಾಕುತ್ತಾಳೆ. ಸೊಸೆ ಒಂದು ದಿನವೂ ಮುಖ ಕಿವುಚಿರಲಿಲ್ಲ. ಹೋದ ವರ್ಷದವರೆಗೆ ಇಪ್ಪತ್ತನಾಲ್ಕು ಲೋಟ.

ಈ ವರ್ಷ ಅಮ್ಮ ಇಪ್ಪತ್ತೈದನೆಯದನ್ನು ಕೊಟ್ಟಾಗ ಬಣ್ಣದಣ್ಣ ಹಜಾರದಲ್ಲೇ ಇದ್ದ. ಹೆಂಡತಿ ಲೋಟ ಎತ್ತಿದಳು. ಅವನ ಗಂಟಲಲ್ಲಿ ಆ ಮೂರು ಪದ ಬಂದು ಸಾಲಾಗಿ ನಿಂತವು. ಅಷ್ಟರಲ್ಲಿ ಅಕ್ಕನ ಮಗ, "ಮಾವ, ಕುರ್ಚಿಗೆ ಯಾವಾಗ ಬಣ್ಣ?" ಎಂದು ಅಂಗಿ ಹಿಡಿದೆಳೆದ. ಅವನು ಆ ಕಡೆ ತಿರುಗಿದ. ಹೇಡಿಗೆ ನೆವ ಬೇಕು, ನೆವಕ್ಕೆ ಬರವಿಲ್ಲ. ಲೋಟ ಬರಿದಾಯಿತು.

ಕುರ್ಚಿಯ ಸಂಗತಿ ಹೀಗೆ. ಆ ಮನೆಯಲ್ಲಿ ಮೊಣಕಾಲೆತ್ತರದ ಒಂದು ಮರದ ಕುರ್ಚಿಯಿದೆ. ಅಕ್ಕ ಮಗುವಾಗಿದ್ದಾಗ ಅಪ್ಪ ಮಾಡಿಸಿದ್ದು. ಮನೆಯಲ್ಲಿ ಯಾವ ಮಗುವಿಗೆ ವರ್ಷ ತುಂಬಿದರೂ ಆ ದೊಡ್ಡ ರಜೆಯಲ್ಲಿ ಕುರ್ಚಿಗೆ ಹೊಸ ಬಣ್ಣ ಬಳಿದು ಮಗುವನ್ನು ಅದರಲ್ಲಿ ಕೂರಿಸಬೇಕು. ಒಂದು ಮಗುವಿನ ಬಣ್ಣ ಇನ್ನೊಂದಕ್ಕೆ ಬರಕೂಡದು. ಅಪ್ಪ ತೀರಿಕೊಂಡ ಮೇಲೆ ಆ ಕೆಲಸ ತಾನಾಗಿ ಬಣ್ಣದಣ್ಣನಿಗೆ ಬಂತು. ಅವನು ಮಗುವನ್ನು ಬೆಳಕಿನಲ್ಲಿ ಎತ್ತಿಕೊಂಡು ಒಂದಷ್ಟು ಹೊತ್ತು ಸುಮ್ಮನೆ ನೋಡುತ್ತಾನೆ, ಆಮೇಲೆ ಕಲಸುತ್ತಾನೆ. ಅಕ್ಕನ ನಾಲ್ಕು ಮಕ್ಕಳಿಗೂ ತಮ್ಮನ ದೊಡ್ಡ ಮಗನಿಗೂ ಹೀಗೇ ಆಗಿತ್ತು. ತಮ್ಮನ ಎರಡನೆಯ ಮಗುವಿಗೆ ಈ ವರ್ಷ ಒಂದು ತುಂಬಿತ್ತು. ಕುರ್ಚಿಗೆ ಒಂಬತ್ತನೇ ಬಣ್ಣ.

ತಮ್ಮನ ಹೆಂಡತಿ ಮಗುವನ್ನು ಅವನ ಕೈಗೆ ಕೊಡುತ್ತಾ, "ಭಾವ, ಚೆನ್ನಾಗಿ ನೋಡಿ ಕಲಸಿ. ಇವಳಣ್ಣಂದು ತಿಳಿ ನೀಲಿ ಮಾಡಿದ್ರಿ ನೀವು, ಅವನು ಈಗ ಮೂರು ಹೊತ್ತೂ ನೀರಲ್ಲೇ ಇರ್ತಾನೆ" ಎಂದು ನಕ್ಕಳು. ಹೆಣ್ಣು ಮಗು. ಅವನ ಮೂಗು ಹಿಡಿದುಕೊಂಡು ಏನೋ ಗಹನವಾದ ವಿಚಾರ ಹೇಳಿತು. ಕಿವಿಯ ಅಂಚಿನಲ್ಲಿ ಬೆಳಕು ಹಾಯ್ದು ಹೋಗುತ್ತಿತ್ತು. ನೀರು ಬೆರೆಸಿದಂಥ ಕಿತ್ತಳೆ, ಎಂದುಕೊಂಡ. ಕಪ್ಪು ಒಂದು ಹನಿಯೂ ಬೇಡ.

ತನ್ನ ಮಗುವಿಗೆ ಯಾವ ಬಣ್ಣ ಎಂದು ಅವನು ಎಷ್ಟೋ ಸಲ ಯೋಚಿಸಿದ್ದುಂಟು. ಒಂದು ವರ್ಷ ನಸುಕಿನ ಬೂದು ನೀಲಿ ಎನಿಸುತ್ತಿತ್ತು, ಇನ್ನೊಂದು ವರ್ಷ ಎಳೆ ಗರಿಕೆಯ ಹಸಿರು. ಅಂಗಡಿಯಲ್ಲಿ ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತು ರಟ್ಟಿನ ಚೂರುಗಳನ್ನು ಎದುರಿಗೆ ಹರಡಿಕೊಂಡು ಕೂತರೆ ಒಂದೂ ಒಪ್ಪುತ್ತಿರಲಿಲ್ಲ. ಮಗುವನ್ನು ನೋಡದೆ ಬಣ್ಣ ಕಲಸುವುದಾದರೂ ಹೇಗೆ? ಚೂರುಗಳನ್ನು ಒಟ್ಟುಮಾಡಿ ಎಸೆದು ಬರುತ್ತಿದ್ದ, ಮತ್ತೆ ಮುಂದಿನ ವಾರ ಹರಡುತ್ತಿದ್ದ. ಹೆಂಡತಿಗೆ ಇದನ್ನೂ ಹೇಳಿರಲಿಲ್ಲ. ಹೇಳದೆ ಉಳಿಸಿದ್ದನ್ನೆಲ್ಲ ಗುಡ್ಡೆ ಹಾಕಿದ್ದರೆ ಆ ಮನುಷ್ಯ ಅದರ ಹಿಂದೆ ನಿಂತರೆ ಕಾಣಿಸುತ್ತಿರಲಿಲ್ಲ.

ಎರಡನೆಯ ಬೆಳಗ್ಗೆ ಅವನು ಕುರ್ಚಿಯನ್ನು ಹಿತ್ತಲಿಗೆ ತಂದು, ಉಪ್ಪುಕಾಗದ ಹಿಡಿದು ಉಜ್ಜಲು ಕೂತ. ಹಳೆಯ ಬಣ್ಣ ಪದರ ಪದರವಾಗಿ ದಪ್ಪಗಟ್ಟಿತ್ತು. ಮೇಲಿನದನ್ನು ಸ್ವಲ್ಪ ಒರಟು ಮಾಡಿದರೆ ಸಾಕು, ಹೊಸದು ಹಿಡಿಯುತ್ತದೆ. ಹತ್ತು ನಿಮಿಷದ ಕೆಲಸ. ಬಿಸಿಲು ಇನ್ನೂ ಎಳೆಯದು, ಗೋಡೆಯ ಅರ್ಧಕ್ಕೆ ಬಂದು ನಿಂತಿತ್ತು. ಒಳಗೆ ಮಕ್ಕಳು ಒಂದೊಂದಾಗಿ ಏಳುವ ಸದ್ದು, ಅಡುಗೆಮನೆಯಿಂದ ಕುದಿಯುವ ಬೇರಿನ ವಾಸನೆ. ಅವನು ಬಲಗೈ ಇಡುವ ಪಟ್ಟಿಯನ್ನು ಉಜ್ಜತೊಡಗಿದ.

ತಿಳಿ ನೀಲಿ ಪುಡಿಯಾಗಿ ಬಿತ್ತು. ಕೆಳಗೆ ನೇರಳೆ ಕಂಡಿತು, ಅಕ್ಕನ ಕೊನೆಯ ಮಗಳದು. ಅವಳು ಹುಟ್ಟಿದ ವರ್ಷವೇ ಆ ಆಸ್ಪತ್ರೆ, ಆ ಬಸ್ಸು. ಸಾಕಿತ್ತು, ನಿಲ್ಲಿಸಬಹುದಿತ್ತು. ಆದರೆ ಕೈ ಇಲ್ಲಿತ್ತು, ಆಸಾಮಿ ಆಗಲೇ ಹೊರಟಿದ್ದ. ನೇರಳೆಯ ಅಡಿಯಲ್ಲಿ ಹಳದಿ, ಅವನ ಮದುವೆಗಿಂತ ಹಿಂದಿನದು. ಆಗ ಅವನು ಒಬ್ಬಂಟಿ, ಸಂಜೆ ಊರೆಲ್ಲ ತಿರುಗಿ ಗೋಡೆಗಳನ್ನು ನೋಡುತ್ತಿದ್ದ. ಹಳದಿಯ ಅಡಿಯಲ್ಲಿ ಕೆನೆ, ಕೆನೆಯ ಅಡಿಯಲ್ಲಿ ಇಟ್ಟಿಗೆ ಕೆಂಪು. ಉಪ್ಪುಕಾಗದದ ಸದ್ದು ದೂರದಲ್ಲಿ ಯಾರೋ ಅಂಗಳ ಗುಡಿಸುವಂತೆ ಕೇಳುತ್ತಿತ್ತು. ವರ್ಷಗಳು ನುಣ್ಣನೆಯ ಪುಡಿಯಾಗಿ ಅವನ ತೊಡೆಯ ಮೇಲೆ, ಚಪ್ಪಲಿಯ ಮೇಲೆ ಬೀಳುತ್ತಿದ್ದವು. ತಮ್ಮನ ಕಂದು ಬಣ್ಣ ಬಂತು. ಅದರಲ್ಲಿ ಪುಟ್ಟ ತಮ್ಮ ಕೂತು ಕಾಲು ಅಲ್ಲಾಡಿಸುತ್ತಿದ್ದ. ಆಮೇಲೆ, ಹೆಬ್ಬೆರಳಿನಷ್ಟು ಜಾಗದಲ್ಲಿ, ಹಸಿರು.

ಅದು ಅವನ ಬಣ್ಣ. ಅಪ್ಪ ಕಲಸಿದ್ದು. ಅಪ್ಪನಿಗೆ ಬಣ್ಣದ ಕೆಲಸ ಗೊತ್ತಿರಲಿಲ್ಲ, ಕೈಗೆ ಸಿಕ್ಕಿದ್ದನ್ನು ಬೆರೆಸಿರಬೇಕು. ಆದರೂ ಒಂದು ಕ್ಷಣವಾದರೂ ಮಗನನ್ನು ಬೆಳಕಿಗೆ ಎತ್ತಿ ನೋಡಿ, ಇವನಿಗೆ ಇದು ಎಂದುಕೊಂಡಿರಬೇಕಲ್ಲ. ಬಣ್ಣದಣ್ಣ ಆ ಹಸಿರಿನ ಮೇಲೆ ಹೆಬ್ಬೆರಳಿಟ್ಟ. ತನ್ನನ್ನು ಹಾಗೆ ನೋಡಿದವರಿದ್ದರು, ತಾನು ಹಾಗೆ ನೋಡಲು ಯಾರೂ ಬರುವುದಿಲ್ಲ. ಇಷ್ಟು ವರ್ಷ ಅದನ್ನು ಹೆಂಡತಿಗೆ ಬಂದ ಕಷ್ಟ, ತಾನು ಪಕ್ಕದಲ್ಲಿ ನಿಂತು ನೋಡುವ ಕಷ್ಟ ಎಂಬಂತೆಯೇ ಬದುಕಿದ್ದ. ಈಗ ಅದು ಅವನ ಸ್ವಂತದ್ದಾಗಿ, ನೇರವಾಗಿ ಎದೆಗೆ ಬಂದು ಕೂತಿತು. ಅವನಿಗೆ ಅಳು ಬಂತು. ಮೂಗಿನ ತುದಿಯಲ್ಲಿ ಬಣ್ಣದ ಪುಡಿ ಇತ್ತು.

"ಬಾರಮ್ಮ, ಆರ್ಹೋಗತ್ತೆ" ಎಂಬ ಅಮ್ಮನ ದನಿ ಬಾಗಿಲಲ್ಲಿ ಕೇಳಿತು.

ಹಿತ್ತಲಿಗೆ ಆಗಲೇ ಜನ ಬಂದಿದ್ದರು. ತಮ್ಮ ಬ್ರಷ್ಷು ಬಾಯಲ್ಲಿಟ್ಟುಕೊಂಡು ನಲ್ಲಿಯ ಹತ್ತಿರ, ಅವನ ಹೆಂಡತಿ ಮಗುವನ್ನು ಸೊಂಟದಲ್ಲಿಟ್ಟುಕೊಂಡು ಬಿಸಿಲಿಗೆ, ಅಕ್ಕ ಟವೆಲ್ಲು ಹಿಂಡುತ್ತಾ. ಅಮ್ಮ ಮೆಟ್ಟಿಲ ಮೇಲೆ ಹೊಗೆಯಾಡುವ ಲೋಟ ಹಿಡಿದು ನಿಂತಿದ್ದಳು. ಬಣ್ಣದಣ್ಣನ ಹೆಂಡತಿ ಒದ್ದೆ ಕೈ ಒರೆಸಿಕೊಳ್ಳುತ್ತಾ ಬಂದು ಕೈ ಚಾಚಿದಳು.

"ಅವಳಿಗೆ ಕೊಡಬೇಡಮ್ಮ" ಎಂದ ಬಣ್ಣದಣ್ಣ. ಕುರ್ಚಿ ಬಿಟ್ಟು ಎದ್ದಿರಲೂ ಇಲ್ಲ. "ಕೊರತೆ ಅವಳದಲ್ಲ. ನಂದು."

ಒಂಬತ್ತು ವರ್ಷ ಕನಸಿನಲ್ಲಿ ಅಭ್ಯಾಸ ಮಾಡಿದ ಮಾತು ಇಷ್ಟು ಸಪ್ಪೆಯಾಗಿ, ಉಪ್ಪಿನ ಡಬ್ಬಿ ಎಲ್ಲಿದೆ ಎಂದು ಹೇಳಿದಂತೆ ಬಂತು. ತಮ್ಮನ ಬ್ರಷ್ಷು ನಿಂತಿತು. ನಲ್ಲಿ ಹರಿಯುತ್ತಲೇ ಇತ್ತು, ಅಕ್ಕ ಅದನ್ನು ತಿರುಗಿಸಿದಳು.

"ಏನೋ ಹಾಗಂದ್ರೆ?" ಎಂದಳು ಅಮ್ಮ.

"ಡಾಕ್ಟರು ಪರೀಕ್ಷೆ ಮಾಡಿದಾರೆ. ಅವಳಿಗೆ ಏನೂ ತೊಂದರೆ ಇಲ್ಲ. ನನ್ನಿಂದ ಮಕ್ಕಳಾಗಲ್ಲ."

"ಯಾವಾಗ ಮಾಡಿದ್ದು?"

"ಒಂಬತ್ತು ವರ್ಷ ಆಯ್ತು."

ಅಮ್ಮ ಮೆಲ್ಲನೆ ಮೆಟ್ಟಿಲ ಮೇಲೆ ಕೂತಳು. ಮಂಡಿ ಲಟ್ಟೆಂದಿತು. ಲೋಟವನ್ನು ನೋಡಿದಳು, ಸೊಸೆಯನ್ನು ನೋಡಿದಳು, ಮತ್ತೆ ಲೋಟವನ್ನು. ಕನಸಿನಲ್ಲಿ ಅವಳು ಅಳುತ್ತಿದ್ದಳು, ಇಲ್ಲವೇ ತಲೆ ಸವರುತ್ತಿದ್ದಳು. ಈಗ ಎರಡೂ ಮಾಡಲಿಲ್ಲ.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ದಂಗಾಯ್ತಲ್ಲೋ" ಎಂದಳು. "ಇಷ್ಟು ವರ್ಷ ನನ್ನ ಕೈಯಲ್ಲಿ ಬರೆ ಹಾಕಿಸ್ದೆ."

 ಅಮ್ಮ ಲೋಟವನ್ನು ಮಗನ ಕಡೆ ಚಾಚಿದಳು. "ಹಿಡಿ. ಕುಡಿ."

"ಅಮ್ಮ, ಅದು ಹೆಂಗಸರ ಔಷಧಿ" ಎಂದಳು ಅಕ್ಕ ತಡೆಯಲಾರದೆ.

"ಬೇರಿಗೇನು ಗೊತ್ತು ಗಂಡು ಹೆಣ್ಣು? ಬೆಳಗ್ಗೆ ಐದೂವರೆಗೆ ಎದ್ದು ಕಾಸಿದೀನಿ. ಚೆಲ್ಲೋಕಲ್ಲ."

ತಮ್ಮನಿಗೆ ನಗು ಬಂದು ಬಾಯಲ್ಲಿದ್ದ ನೊರೆ ನೆತ್ತಿಗೇರಿತು. ಅವನು ಗೋಡೆಯ ಕಡೆ ತಿರುಗಿ ಕೆಮ್ಮತೊಡಗಿದ. ಬಣ್ಣದಣ್ಣ ಎದ್ದು ಬಂದು ಲೋಟ ತೆಗೆದುಕೊಂಡ.

ಮೊದಲ ಗುಟುಕಿಗೇ ಕಿವಿಯವರೆಗೆ ಕಹಿ ಏರಿತು. ಕಹಿ ಎಂದರೆ ನಾಲಿಗೆಗೆ ತಾಗಿ ಹೋಗುವ ಕಹಿಯಲ್ಲ. ಒಸಡಿಗೆ, ಗಂಟಲಿಗೆ, ಎದೆಯ ಗೂಡಿಗೆ ಅಂಟಿಕೊಂಡು, ಹಿಂದೆ ಇನ್ನೊಂದು ಕಹಿಯನ್ನು ಎಳೆದುಕೊಂಡು ಬರುವಂಥದ್ದು.  ಕಣ್ಣಲ್ಲಿ ನೀರು ತುಂಬಿ ಹಿತ್ತಲು, ನಲ್ಲಿ, ಬಿಸಿಲಲ್ಲಿ ನಿಂತವರು ಎಲ್ಲ ಕಲಸಿಹೋದವು. ಅವನು ಲೋಟದ ಮೇಲಿಂದ ಹೆಂಡತಿಯನ್ನು ಹುಡುಕಿದ. ಇದನ್ನಾ ನೀನು ಮುಖ ಕಿವುಚದೆ ಕುಡೀತಿದ್ದಿದ್ದು, ಎಂದು ಕೇಳಬೇಕೆನಿಸಿತು. ಅವಳು ಅಲ್ಲಿರಲಿಲ್ಲ, ಒಳಗೆ ಹೋಗಿಯಾಗಿತ್ತು. ಮೂಗು ಹಿಡಿದು, ನಿಂತು ನಿಂತು, ಆರು ಗುಟುಕಿನಲ್ಲಿ ಮುಗಿಸಿದ. ಅಮ್ಮ ಕಲ್ಲುಸಕ್ಕರೆ ಕೊಡಲಿಲ್ಲ.

ಆ ಬೆಳಗ್ಗೆ ಮನೆ ನೀರಿನಡಿಯಲ್ಲಿ ನಡೆದಂತೆ ನಡೆಯಿತು. ಎಲ್ಲರೂ ಮೆಲ್ಲಗೆ ಮಾತಾಡಿದರು, ಪಾತ್ರೆಗಳನ್ನೂ ಮೆಲ್ಲಗೆ ಇಟ್ಟರು. ಅವನ ಹೆಂಡತಿ ಎಂದಿನಂತೆ ಮಕ್ಕಳ ತಲೆ ಬಾಚಿದಳು, ತರಕಾರಿ ಹೆಚ್ಚಿದಳು, ಅಕ್ಕನ ಜೊತೆ ಯಾವುದೋ ಬಟ್ಟೆಯ ವಿಷಯ ಮಾತಾಡಿದಳು. ಅವನು ಎದುರಿಗೆ ಬಂದರೆ ಮಾತ್ರ ಅವಳ ಕಣ್ಣು ಅವನ ಭುಜದ ಪಕ್ಕದಿಂದ ಹಾದು ಹೋಗುತ್ತಿತ್ತು. ಊಟಕ್ಕೆ ಮುಂಚೆ ಅಮ್ಮ ಅವಳನ್ನು ತನ್ನ ಕೋಣೆಗೆ ಕರೆದು ಬಾಗಿಲು ಹಾಕಿಕೊಂಡಳು. ಅರ್ಧ ಗಂಟೆ ಒಳಗೇ ಇದ್ದರು. ಏನು ಮಾತಾಯಿತೋ ಅವರಿಬ್ಬರಿಗೇ ಗೊತ್ತು. ಹೊರಗೆ ಬಂದಾಗ ಅಮ್ಮನ ಕಣ್ಣು ಕೆಂಪಗಿತ್ತು, ಸೊಸೆಯ ತಲೆ ಹೊಸದಾಗಿ ಬಾಚಿದಂತಿತ್ತು. ಬಣ್ಣದಣ್ಣನಿಗೆ ಎದೆಯ ಮೇಲಿನ ಕಲ್ಲು ಇಳಿದ ಹಾಗಿತ್ತು. ಇಳಿದದ್ದು ಎಲ್ಲಿಗೆ ಹೋಗಿ ಬಿತ್ತು ಎಂದು ಮಾತ್ರ ಅವನು ಇನ್ನೂ ನೋಡಿರಲಿಲ್ಲ.

ಮಧ್ಯಾಹ್ನ ಎಲ್ಲರೂ ಮಲಗಿದರು. ದೊಡ್ಡ ರಜೆಯ ಮಧ್ಯಾಹ್ನಗಳು ಹಾಗೆಯೇ. ಊಟವಾಗುತ್ತಲೇ ಮನೆ ಒಂದು ದೊಡ್ಡ ಉಸಿರು ಬಿಟ್ಟು ಮಗ್ಗುಲಾಗುತ್ತದೆ. ಹಜಾರದಲ್ಲಿ ಮಕ್ಕಳ ರಾಶಿ, ಫ್ಯಾನಿನ ಗಾಳಿಗೆ ಏಳುವ ಇಳಿಯುವ ಪರದೆ, ಎಲ್ಲೋ ಒಂದು ಗೊರಕೆ. ಬಣ್ಣದಣ್ಣ ಹಿತ್ತಲ ನೆರಳಿನಲ್ಲಿ ಕಿತ್ತಳೆ ಕಲಸಿಕೊಂಡು ಕುರ್ಚಿಯ ಕಾಲುಗಳಿಗೆ ಬಳಿಯುತ್ತಿದ್ದ. ಬಾಯಲ್ಲಿನ ಕಹಿ ಊಟಕ್ಕೂ ಹೋಗಿರಲಿಲ್ಲ. ಅನ್ನದಲ್ಲೂ ಅದೇ, ನೀರಿನಲ್ಲೂ ಅದೇ.

ಹೆಂಡತಿ ಬಂದು ಮೆಟ್ಟಿಲ ಮೇಲೆ ಕೂತಳು. ಒಂದಷ್ಟು ಹೊತ್ತು ಬ್ರಷ್ಷು ಓಡಾಡುವುದನ್ನೇ ನೋಡಿದಳು.

"ನನ್ನನ್ನೊಂದು ಮಾತು ಕೇಳ್ಬೇಕು ಅನ್ನಿಸ್ಲಿಲ್ವಾ ನಿಮಗೆ?" ಎಂದಳು. "ಎಲ್ಲರೆದುರಿಗೆ ಹೇಳೋಕೆ ಮುಂಚೆ?"

"ಕೇಳಿದ್ರೆ ಬೇಡ ಅಂತಿದ್ದೆ ನೀನು."

"ಹೂಂ. ಅಂತಿದ್ದೆ."

ಅವನಿಗೆ ಧೈರ್ಯ ಬಂತು. ಇಷ್ಟಾದರೂ ಮಾಡಿದೆನಲ್ಲ ಎಂಬ ಸಣ್ಣದೊಂದು ಹೆಮ್ಮೆಯೂ ಇತ್ತು ಎಂದು ಹೇಳದಿದ್ದರೆ ಸುಳ್ಳಾದೀತು. "ಮೊದಲ ವರ್ಷದಿಂದ ಹೇಳ್ಬೇಕು ಅಂತಾನೇ ಇದ್ದೆ ಕಣೇ. ದಿನಾ ಅಂದ್ಕೋತಿದ್ದೆ. ಆದ್ರೆ ನೀನೇ ತಾನೇ ಬಸ್ಸಲ್ಲಿ ಹೇಳಿದ್ದು, ನನ್ನ ಮೇಲೇ ಇರ್ಲಿ ಅಂತ. ನಿಂಗೆ ಅದೇ ಸರಿ ಅನ್ಸಿದೆ ಅಂದ್ಕೊಂಡೆ."

ಅವಳು ಮೆಟ್ಟಿಲ ಮೇಲೆ ಬಿದ್ದಿದ್ದ ಒಣಗಿದ ಬಣ್ಣದ ಒಂದು ಸಿಪ್ಪೆಯನ್ನು ಉಗುರಿನಿಂದ ಎಬ್ಬಿಸಿದಳು, ಅಂಗೈ ಮೇಲಿಟ್ಟುಕೊಂಡು ನೋಡಿದಳು, ಊದಿಬಿಟ್ಟಳು.

"ಹೇಳಿದ್ದು ಹೌದು" ಎಂದಳು ಕೊನೆಗೆ. "ನಿಮ್ಮ ಮುಖ ನೋಡೋಕಾಗ್ತಿರ್ಲಿಲ್ಲ. ಕಿಟಕಿ ಕಡೆ ತಿರುಗಿ ಕೂತಿದ್ರಿ. ಏನಾದ್ರೂ ಅನ್ಬೇಕಿತ್ತು, ಅಂದೆ." ಅವಳ ದನಿ ಅಲ್ಲಿಯವರೆಗೆ ಸಮವಾಗಿತ್ತು. "ನೀವು ಬೇಡ ಅಂತೀರ ಅಂದ್ಕೊಂಡು ಹೇಳಿದ್ದು ರೀ ನಾನು."

ಬ್ರಷ್ಷು ಅವನ ಕೈಯಲ್ಲಿ ಹಾಗೇ ನಿಂತಿತು.

"ಸ್ಟಾಪು ಬರೋವರೆಗೂ ಕಾದೆ. ಇಳಿದ ಮೇಲೆ ಹೇಳ್ತೀರ ಅಂದ್ಕೊಂಡೆ. ಮನೆಗೆ ಬಂದು ಚಪ್ಪಲಿ ಬಿಟ್ಟ ಮೇಲೆ ಹೇಳ್ತೀರ ಅಂದ್ಕೊಂಡೆ. ಅಮ್ಮ ಮೊದಲನೇ ಲೋಟ ಕೊಟ್ಟಾಗ ನಿಮ್ಮನ್ನೇ ನೋಡ್ತಾ ಕುಡಿದೆ. ಆಮೇಲೆ ನೋಡೋದು ಬಿಟ್ಟೆ."

ಒಳಗೆ ಮಗು ಎದ್ದು ಅಳತೊಡಗಿತು. ಸಾಮಾನ್ಯವಾಗಿ ಮೊದಲು ಓಡುವವಳು ಅವಳೇ. ಈ ಸಲ ಏಳಲಿಲ್ಲ. ಯಾರೋ ಎತ್ತಿಕೊಂಡರು, ಅಳು ಹಜಾರದ ಆ ತುದಿಗೆ ಹೋಗಿ ಕರಗಿತು. ಬಣ್ಣದಣ್ಣ ಬ್ರಷ್ಷನ್ನು ಡಬ್ಬಿಯ ಮೇಲೆ ಅಡ್ಡ ಇಟ್ಟು ಅವಳ ಕೆಳಗಿನ ಮೆಟ್ಟಿಲಿಗೆ ಬಂದು ಕೂತ. ಹೇಳಲು ಬೇಕಾದಷ್ಟಿತ್ತು. ತಪ್ಪಾಯಿತು ಎನ್ನಬಹುದಿತ್ತು, ಹೆದರಿದ್ದೆ ಎನ್ನಬಹುದಿತ್ತು, ಅವೆಲ್ಲ ನಿಜವೂ ಆಗಿದ್ದವು. ಆದರೆ ಆ ಬಸ್ಸು ಎಲ್ಲಿಯೂ ನಿಲ್ಲದೆ ಒಂಬತ್ತು ವರ್ಷದಿಂದ ಓಡುತ್ತಲೇ ಇದೆ, ಅದರಲ್ಲಿ ಅವಳು ಈಗಲೂ ಅವನ ಪಕ್ಕದಲ್ಲಿ ಕೂತು ಕಾಯುತ್ತಿದ್ದಾಳೆ ಎನಿಸಿತು. ಅವನು ಕಿಟಕಿಯಿಂದ ಮುಖ ತಿರುಗಿಸಿದ.

"ಬೇಡ" ಎಂದ. "ನಿನ್ನ ಮೇಲೆ ಬೇಡ."

ಅವಳು ತೋಳಿನಿಂದ ಮೂಗು ಒರೆಸಿಕೊಂಡು, "ಹೂಂ" ಎಂದಳು.